ಊರಿಗೆ ಹೋಗಿ ವಾಪಸ್ ಬರುವುದರ ಚರಿತ್ರೆ

ಹೊರದೇಶದಲ್ಲಿ ಇರುವವರಿಗೆಲ್ಲ ಇದು ಗೊತ್ತಿರುವ ವಿಷಯವೇ. ಊರಿಗೆ ಹೊರಡೋದು ಸುಲಭ, ವಾಪಸ್ ಬಂದು ಮತ್ತೆ ಇಲ್ಲಿಗೆ ಹೊಂದಿಕೊಳ್ಳೋದು ಕಷ್ಟ. ಮೊದಲ ವಾರ ಸಂಜೆ ಏಳಕ್ಕೇ ತೂಕಡಿಕೆ, ಬೆಳಗಿನ ಜಾವ ಮೂರಕ್ಕೆ ಕಣ್ಣು ಪಿಳಿಪಿಳಿ. ಫ್ರಿಜ್ಜಿನಲ್ಲಿ ಏನೂ ಇಲ್ಲ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಮತ್ತು ಅನ್ನದಲ್ಲೇ ನಾಲ್ಕು ದಿನ ಕಳೆಯುತ್ತದೆ. ಈ ಸಲ ಆ ಮೂರು ಗಂಟೆಯ ಹೊತ್ತಿನಲ್ಲಿ ನಾನು ಒಂದು ಹಳೇ ಕೋರ್ಟ್ ತೀರ್ಪನ್ನು ಓದುತ್ತಾ ಕೂತೆ. (ಇಂಜಿನಿಯರಿಂಗ್ ಓದಿದವನಿಗೆ ಇದೆಲ್ಲ ಯಾಕಪ್ಪಾ ಅನ್ನಬೇಡಿ, ನಿದ್ದೆ ಬರದವನಿಗೆ ಏನಾದರೂ ಬೇಕಲ್ಲ!) ಊರಿಗೆ ಹೋಗಿ ವಾಪಸ್ ಬಂದ ಒಬ್ಬ ಮನುಷ್ಯನ ಕತೆ ಅದು. ಬಂದ ಅಂದರೆ, ಬಂದರಿನವರೆಗೆ ಮಾತ್ರ ಬಂದ.

ಅವನ ಹೆಸರು ಚೇ ಚಾನ್ ಪಿಂಗ್. ಚೀನಾದವನು, ಕೂಲಿ ಕಾರ್ಮಿಕ. 1875ರಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ. ಆ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿದ್ದ ಚೀನೀಯರಲ್ಲಿ ಹೆಚ್ಚಿನವರು ಗ್ವಾಂಗ್‌ಡಾಂಗ್ ಪ್ರಾಂತ್ಯದವರು. ಹೆಂಡತಿ ಮಕ್ಕಳು ಊರಲ್ಲಿ, ಗಂಡ ಇಲ್ಲಿ. ಕೆಲವು ವರ್ಷ ದುಡಿದು ಒಮ್ಮೆ ಊರಿಗೆ ಹೋಗುವುದು, ಮದುವೆಯೋ ಮನೆಯೋ ಮುಗಿಸಿಕೊಂಡು ಮತ್ತೆ ಹಡಗು ಹತ್ತುವುದು. ಓದುತ್ತಿದ್ದರೆ ನಮ್ಮದೇ ಕತೆಯಲ್ಲವಾ ಇದು ಅನ್ನಿಸುತ್ತೆ.

1882ರಲ್ಲಿ ಅಮೆರಿಕ ಹೊಸ ಚೀನೀ ಕಾರ್ಮಿಕರು ಬರುವುದನ್ನು ನಿಲ್ಲಿಸಿತು. ಆದರೆ ಮೊದಲೇ ಬಂದು ನೆಲೆಸಿದ್ದವರಿಗೆ ಒಂದು ಅನುಕೂಲ ಇಟ್ಟಿತ್ತು. ಊರಿಗೆ ಹೋಗುವ ಮುಂಚೆ ಬಂದರಿನ ಸುಂಕದ ಅಧಿಕಾರಿಯಿಂದ ಒಂದು ಸರ್ಟಿಫಿಕೇಟ್ ಪಡೆದರೆ, ಅದನ್ನು ತೋರಿಸಿ ವಾಪಸ್ ಬರಬಹುದು. ನಮ್ಮ ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನ ಮುತ್ತಜ್ಜ ಅನ್ನಿ. ಚೇ ಚಾನ್ ಪಿಂಗ್ ಅದನ್ನು ಸರಿಯಾಗಿ ಮಾಡಿಸಿಕೊಂಡೇ 1887ರ ಜೂನ್ 2ರಂದು 'ಗೇಲಿಕ್' ಹಡಗಿನಲ್ಲಿ ಊರಿಗೆ ಹೊರಟ. ಒಂದು ವರ್ಷಕ್ಕೂ ಹೆಚ್ಚು ಕಾಲ ಊರಲ್ಲಿದ್ದು, 1888ರ ಸೆಪ್ಟೆಂಬರ್ 7ರಂದು ಹಾಂಗ್‌ಕಾಂಗ್‌ನಲ್ಲಿ 'ಬೆಲ್ಜಿಕ್' ಹಡಗು ಹತ್ತಿದ.

ಅವನು ಪೆಸಿಫಿಕ್ ಸಾಗರದ ಮಧ್ಯೆ ಇದ್ದಾಗ ಇತ್ತ ವಾಷಿಂಗ್ಟನ್ನಿನಲ್ಲಿ ಸ್ಕಾಟ್ ಕಾಯಿದೆ ಪಾಸಾಯಿತು. ಅದು ಚುನಾವಣೆಯ ವರ್ಷ. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅಕ್ಟೋಬರ್ 1ಕ್ಕೆ ಸಹಿ ಹಾಕಿದ (ಅಷ್ಟು ಮಾಡಿಯೂ ನವೆಂಬರಿನಲ್ಲಿ ಸೋತ, ಆ ಮಾತು ಬಿಡಿ). ಅದುವರೆಗೆ ಕೊಟ್ಟಿದ್ದ ಸರ್ಟಿಫಿಕೇಟುಗಳೆಲ್ಲ ಆ ದಿನದಿಂದಲೇ ರದ್ದು. ಊರಿಗೆ ಹೋಗಿದ್ದ ಸುಮಾರು 20,000 ಜನರ ಕೈಯಲ್ಲಿದ್ದ ಕಾಗದ ಬರೀ ಕಾಗದವಾಯಿತು. ಅವರಲ್ಲಿ ನೂರಾರು ಜನ ಆಗಲೇ ಹಡಗಿನಲ್ಲಿದ್ದರು. ಬೆಲ್ಜಿಕ್ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದ್ದು ಅಕ್ಟೋಬರ್ 8ಕ್ಕೆ. ಒಂದೇ ಒಂದು ವಾರ ತಡ!

ಅವನು ಸರ್ಟಿಫಿಕೇಟ್ ತೋರಿಸಿದ. ಇಳಿಯಲು ಬಿಡಲಿಲ್ಲ. ಹನ್ನೆರಡು ವರ್ಷ ಇದ್ದ ಊರು ಕಣ್ಣೆದುರಿಗೇ ಇದೆ, ಹಡಗಿನ ಕ್ಯಾಪ್ಟನ್ ಕೆಳಗೆ ಕಳಿಸುವ ಹಾಗಿಲ್ಲ. ವಕೀಲರ ಮೂಲಕ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಸಿದ. ಕೆಳಗಿನ ಕೋರ್ಟಿನಲ್ಲಿ ಸೋತು, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು.

1889ರ ಮೇ ತಿಂಗಳಲ್ಲಿ ಬಂದ ತೀರ್ಪು ಬರೆದವರು ಜಸ್ಟೀಸ್ ಸ್ಟೀಫನ್ ಫೀಲ್ಡ್. ಅವರೂ ಚಿನ್ನದ ಕಾಲದಲ್ಲಿ, 1849ರಲ್ಲಿ, ಹೊರಗಿನಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದವರೇ. ತೀರ್ಪಿನ ಸಾರಾಂಶ ಇಷ್ಟು: ಪರಕೀಯರನ್ನು ಒಳಗೆ ಬಿಡುವುದೂ ಬಿಡದಿರುವುದೂ ಸರ್ಕಾರದ ಹಕ್ಕು, ವಾಪಸ್ ಬರಲು ಕೊಟ್ಟ ಅನುಮತಿಯನ್ನು ಅದು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ನನಗೆ ಇದರಲ್ಲಿ ಸರಿಯಿಲ್ಲ ಅನ್ನಿಸೋದು ಒಂದೇ. ಹೊಸಬನನ್ನು ಬಾಗಿಲಲ್ಲೇ ತಡೆಯುವುದು ಬೇರೆ, ಕೈಗೆ ಕಾಗದ ಕೊಟ್ಟು "ಹೋಗಿ ಬಾ" ಅಂತ ಕಳಿಸಿದವನನ್ನು ತಡೆಯುವುದು ಬೇರೆ. ತೀರ್ಪು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿತು. ಆ ತತ್ವದ ಬುಡ ಇವತ್ತಿಗೂ ಅಮೆರಿಕದ ವಲಸೆ ಕಾನೂನಿನಲ್ಲಿ ಗಟ್ಟಿಯಾಗಿದೆ. ಚೀನೀಯರ ಮೇಲಿನ ನಿಷೇಧವೇನೋ 1943ರಲ್ಲಿ ಹೋಯಿತು.

ನಮ್ಮವರ ಸರದಿ 1917ರಲ್ಲಿ. ಆ ವರ್ಷದ ಕಾಯಿದೆ ಭಾರತವೂ ಸೇರಿದ ಏಷ್ಯಾದ ದೊಡ್ಡ ಭಾಗದಿಂದ ವಲಸೆ ನಿಲ್ಲಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ (ನಮ್ಮ ಹುತಾತ್ಮ ಭಗತ್ ಸಿಂಗ್ ಅಲ್ಲ) ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತಾಯಿತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿದ್ದ ಪಂಜಾಬಿಗಳು ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ, ಊರಿಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೆಂಬ ಧೈರ್ಯವೂ ಇಲ್ಲ. ಎಷ್ಟೋ ಜನ ಇಂಪೀರಿಯಲ್ ಕಣಿವೆಯಲ್ಲಿ ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಅಲ್ಲೇ ಉಳಿದರು.

ಅದೇ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದವರು ದಲೀಪ್ ಸಿಂಗ್ ಸೌಂದ್. ಅಮೃತಸರದ ಹತ್ತಿರದ ಛಜ್ಜಲ್‌ವಡ್ಡಿ ಹಳ್ಳಿಯವರು, 1920ರಲ್ಲಿ ಓದಲು ಬಂದು ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಗಣಿತದ ಡಾಕ್ಟರೇಟ್ ಇಟ್ಟುಕೊಂಡು ಹೊಲದ ಕೆಲಸ! 1946ರಲ್ಲಿ ಲೂಸ್–ಸೆಲ್ಲರ್ ಕಾಯಿದೆ ಬಂದು ಭಾರತೀಯರಿಗೆ ಪೌರತ್ವ ಸಾಧ್ಯವಾಯಿತು, ಜೊತೆಗೆ ವರ್ಷಕ್ಕೆ 100 ಜನರ ಕೋಟಾ. ಸೌಂದ್ 1949ರಲ್ಲಿ ಪೌರರಾದರು, 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಗೆದ್ದರು. ಏಷ್ಯಾ ಮೂಲದವರಲ್ಲಿ ಮೊದಲಿಗರು. 1957ರಲ್ಲಿ ತಮ್ಮ ಹಳ್ಳಿಗೆ ಹೋದರು, 37 ವರ್ಷದ ಮೇಲೆ. ನಾನು ಮೂರು ವರ್ಷದ ಮೇಲೆ ಹೋದದ್ದಕ್ಕೇ ನಮ್ಮ ಬೀದಿಯ ಮಕ್ಕಳು ಗುರುತು ಹಿಡಿಯಲಿಲ್ಲ, ಮೂವತ್ತೇಳು ಅಂದರೆ ಊಹಿಸಿಕೊಳ್ಳಿ.

ನಮ್ಮ ಕಾಲಕ್ಕೆ ಬಂದರೆ ಕಷ್ಟ ಅಷ್ಟಿಲ್ಲ, ಹೌದು. ಆದರೆ ರೂಪ ಅದೇ. 2004ರ ಜುಲೈವರೆಗೆ ಎಚ್-1ಬಿ ಸ್ಟಾಂಪನ್ನು ಅಮೆರಿಕದೊಳಗೇ ನವೀಕರಿಸಬಹುದಿತ್ತು. ಬೆರಳಚ್ಚು ಕಡ್ಡಾಯವಾದಾಗ ಅದನ್ನು ನಿಲ್ಲಿಸಿದರು. 2024ರಲ್ಲಿ ಕೆಲವು ವಾರ ಪ್ರಯೋಗಕ್ಕೆಂದು ಮತ್ತೆ ತೆರೆದಾಗ ಇಟ್ಟ ಮಿತಿ 20,000. (ಅದೇ ಸಂಖ್ಯೆ ಮತ್ತೆ. ಕಾಕತಾಳೀಯ, ಆದರೂ ನನಗೆ ಮೈ ಜುಂ ಅಂದಿತು.) ಇನ್ನು 2025ರ ಸೆಪ್ಟೆಂಬರ್ 19ರ ಶುಕ್ರವಾರ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದಾಗ, ಜಾರಿ ಭಾನುವಾರದಿಂದಲೇ ಅಂತ ಇತ್ತು. ಊರಿಗೆ ಹೋದವರು ಅರ್ಧಕ್ಕೇ ಬಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದರು. ಅದು ಹೊಸ ಅರ್ಜಿಗಳಿಗೆ ಮಾತ್ರ ಅಂತ ಮರುದಿನ ಸ್ಪಷ್ಟನೆ ಬಂತು. ಅಷ್ಟರಲ್ಲಿ ಎಷ್ಟೋ ಜನ ಆಕಾಶದಲ್ಲಿದ್ದರು, ಬೆಲ್ಜಿಕ್ ಹಡಗಿನವರ ಹಾಗೆ. ಇವರಿಗೆ ಇಳಿಯಲು ಬಿಟ್ಟರು, ಅಷ್ಟೇ ವ್ಯತ್ಯಾಸ.

ನಮ್ಮಜ್ಜಿ ತೀರಿಕೊಂಡಾಗ ನನ್ನ ಸ್ಟಾಂಪಿನ ಅವಧಿ ಮುಗಿದಿತ್ತು. ಹೋದರೆ ಇಂಟರ್‌ವ್ಯೂ ದಿನಾಂಕ ಯಾವಾಗ ಸಿಗುತ್ತದೋ ತಿಳಿಯದು. "ನೀನು ಬರಬೇಡ ಮಗಾ, ಕೆಲಸ ನೋಡ್ಕೋ" ಅಂದರು ಅಪ್ಪ. ಹದಿಮೂರನೇ ದಿನದ ವೈಕುಂಠ ಸಮಾರಾಧನೆಯನ್ನು ವೀಡಿಯೋ ಕಾಲ್‌ನಲ್ಲಿ ನೋಡಿದೆ. ಈ ಸಲ ಹೋದಾಗ ಚೆನ್ನೈಗೆ ಹೋಗಿ ಸ್ಟಾಂಪಿಂಗ್ ಮುಗಿಸಿಕೊಂಡೇ ಬಂದಿದ್ದೇನೆ. ಅದು ಬರುವ ಏಪ್ರಿಲ್‌ವರೆಗೆ ಇದೆ. ಅಪ್ಪನ ಷಷ್ಟಿಪೂರ್ತಿ ಮೇ ತಿಂಗಳಲ್ಲಿ.