ಗಿಡದಿಂದ ಗುಳಿಗೆಗೆ ಎಷ್ಟು ದೂರ?

ಮೂಳೆಯಲ್ಲೇ ಹುಟ್ಟುವ ಆಸ್ಟಿಯೋಸಾರ್ಕೋಮಾ ಎಂಬ ಕ್ಯಾನ್ಸರ್ ಹೆಚ್ಚಾಗಿ ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರನ್ನು ಕಾಡುತ್ತದೆ. ಮೊಣಕಾಲಿನ ಬಳಿ ನೋವು, ಬಾವು. ಆಟವಾಡುವಾಗ ಬಿದ್ದಿರಬೇಕು ಎಂದು ಮನೆಯವರು ಸುಮ್ಮನಾಗುತ್ತಾರೆ. ರೋಗ ಯಾವುದೆಂದು ತಿಳಿದ ದಿನವೇ ಯಾರಾದರೊಬ್ಬರು ಸೊಪ್ಪು, ಕಷಾಯಗಳ ಸಲಹೆಯೊಂದಿಗೆ ಬರುತ್ತಾರೆ. ಈಗ ಆ ಸಲಹೆಗೆ 'ಫ್ಲೇವನಾಯ್ಡ್' ಎಂಬ ವಿಜ್ಞಾನದ ಹೆಸರೂ ಅಂಟಿಕೊಂಡಿದೆ. ಆದುದರಿಂದ ಅದರ ಚರಿತ್ರೆಯನ್ನು ತಿಳಿಯುವುದು ಒಳ್ಳೆಯದು.

ಲ್ಯಾಟಿನಿನಲ್ಲಿ 'ಫ್ಲೇವಸ್' ಎಂದರೆ ಹಳದಿ. ಈರುಳ್ಳಿ, ಚಹಾ, ನಿಂಬೆ, ಸೋಯಾ ಎಲ್ಲದರಲ್ಲೂ ಈ ಗುಂಪಿನ ವಸ್ತುಗಳಿವೆ. 1936ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಮತ್ತು ಸಂಗಡಿಗರು, ನಿಂಬೆಯಲ್ಲಿರುವ ಫ್ಲೇವನಾಯ್ಡ್‌ಗಳು ಸೂಕ್ಷ್ಮ ರಕ್ತನಾಳಗಳನ್ನು ಬಲಪಡಿಸುತ್ತವೆಂದು ಹೇಳಿ ಅವಕ್ಕೆ 'ವಿಟಮಿನ್ ಪಿ' ಎಂದು ಹೆಸರಿಟ್ಟರು. ಮರುವರ್ಷವೇ ಸೆಂಟ್-ಗ್ಯೋರ್ಗಿಗೆ ನೊಬೆಲ್ ಪ್ರಶಸ್ತಿ ಬಂತು. ಅದು ವಿಟಮಿನ್ ಸಿ ಮೊದಲಾದ ಬೇರೆ ಸಂಶೋಧನೆಗಳಿಗೆ. ಆದರೆ ಈ ವಸ್ತುಗಳ ಕೊರತೆಯಿಂದ ರೋಗ ಬರುತ್ತದೆಂಬುದು ಸಾಬೀತಾಗಲಿಲ್ಲ. 1950ರಲ್ಲಿ ತಜ್ಞರು ಆ ಹೆಸರನ್ನೇ ಕೈಬಿಡಲು ಸೂಚಿಸಿದರು. ಹೇಳಿದವರು ಎಷ್ಟೇ ದೊಡ್ಡವರಾದರೂ ವಿಜ್ಞಾನ ಪುರಾವೆ ಕೇಳುತ್ತದೆ.

1987ರಲ್ಲಿ ಜಪಾನಿನ ಸಂಶೋಧಕರು, ಸೋಯಾದಲ್ಲಿರುವ ಜೆನಿಸ್ಟೀನ್ ಜೀವಕೋಶಗಳಿಗೆ 'ಬೆಳೆ' ಎಂದು ಸಂದೇಶ ನೀಡುವ ಕಿಣ್ವಗಳನ್ನು ತಡೆಯುತ್ತದೆಂದು ತೋರಿಸಿದರು. ಅದರಿಂದ ಕ್ಯಾನ್ಸರ್ ಸಂಶೋಧಕರ ಗಮನ ಇತ್ತ ಹರಿಯಿತು.

ನಮ್ಮ ನಾಡಿಗೆ ಹತ್ತಿರದ ಕಥೆಯೂ ಒಂದಿದೆ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಡೈಸಾಕ್ಸಿಲಮ್ ಬೈನೆಕ್ಟಾರಿಫೆರಮ್ ಎಂಬ ಮರದಿಂದ ಮುಂಬೈಯ ಹೋಕ್ಸ್ಟ್ ಸಂಶೋಧನಾ ಕೇಂದ್ರದವರು ರೋಹಿಟುಕಿನ್ ಎಂಬ ವಸ್ತುವನ್ನು ಪಡೆದು, 1988ರಲ್ಲಿ ವರದಿ ಮಾಡಿದರು. ಅದರ ರಚನೆಯನ್ನು ಆಧರಿಸಿ ಪ್ರಯೋಗಾಲಯದಲ್ಲಿ ತಯಾರಾದ ಫ್ಲೇವನಾಯ್ಡ್ 'ಫ್ಲೇವೋಪಿರಿಡಾಲ್'. ಜೀವಕೋಶ ವಿಭಜನೆಯನ್ನು ನಡೆಸುವ ಸಿಡಿಕೆ ಎಂಬ ಕಿಣ್ವಗಳನ್ನು ತಡೆಯುವ ಔಷಧಗಳಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೆ ಮೊದಲು ಬಂದದ್ದು ಇದೇ. 2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರ ತಂಡ, ಆ ಮರದೊಳಗೆ ವಾಸಿಸುವ ಶಿಲೀಂಧ್ರವೊಂದು ಕೂಡ ರೋಹಿಟುಕಿನ್ ತಯಾರಿಸುತ್ತದೆಂದು ಪ್ರಕಟಿಸಿತು. ಫ್ಲೇವೋಪಿರಿಡಾಲ್ ಪ್ರಯೋಗಾಲಯದಲ್ಲಿ ಮೂಳೆ ಕ್ಯಾನ್ಸರಿನ ಕೋಶಗಳನ್ನೂ ಕೊಂದಿದೆ. ಆದರೂ ಇಷ್ಟು ವರ್ಷಗಳ ಬಳಿಕವೂ ಅದು ಚಿಕಿತ್ಸೆಯಾಗಿ ಅನುಮತಿ ಪಡೆದಿಲ್ಲ.

ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯುವುದು ಒಂದು. ರೋಗಿಯ ಮೈಯಲ್ಲಿ ಗಡ್ಡೆ ಕರಗುವುದು ಇನ್ನೊಂದು. ನಾವು ತಿನ್ನುವ ಈರುಳ್ಳಿಯ ಕ್ವೆರ್ಸೆಟಿನ್ ಕರುಳು, ಯಕೃತ್ತುಗಳಲ್ಲಿ ರೂಪ ಬದಲಿಸುತ್ತದೆ. ರಕ್ತಕ್ಕೆ ತಲುಪುವುದು ಅಲ್ಪ.

ಹಾಗೆಂದು ಗಿಡಗಳನ್ನು ಹೀಗಳೆಯಬೇಕಾಗಿಲ್ಲ. ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದು ಮೂಳೆ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದಲೇ ಬಂದದ್ದು. ಅದು ಫ್ಲೇವನಾಯ್ಡ್ ಅಲ್ಲ, ಆಲ್ಕಲಾಯ್ಡ್. ಆದರೆ ವೈದ್ಯರು ರೋಗಿಗೆ ನಿತ್ಯಪುಷ್ಪದ ಕಷಾಯ ಕೊಡುವುದಿಲ್ಲ; ಶುದ್ಧೀಕರಿಸಿದ ಔಷಧವನ್ನು ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ.

1970ರ ದಶಕಕ್ಕೆ ಮೊದಲು, ಬರೀ ಶಸ್ತ್ರಚಿಕಿತ್ಸೆಯಿದ್ದಾಗ, ಆಸ್ಟಿಯೋಸಾರ್ಕೋಮಾ ತಗಲಿದ ಐವರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ. ಕಿಮೋಥೆರಪಿ ಸೇರಿದ ನಂತರ, ರೋಗ ಬೇರೆಡೆಗೆ ಹರಡಿಲ್ಲದಿದ್ದರೆ ಮೂವರಲ್ಲಿ ಸುಮಾರು ಇಬ್ಬರು ಬದುಕುತ್ತಿದ್ದಾರೆ. ಫ್ಲೇವನಾಯ್ಡ್‌ಗಳು ನಾಳೆ ಈ ಲೆಕ್ಕವನ್ನು ಇನ್ನಷ್ಟು ಸುಧಾರಿಸಬಹುದು. ಆದರೆ ಆ ನಾಳೆಯನ್ನು ನಂಬಿ ಇಂದಿನ ಚಿಕಿತ್ಸೆಯನ್ನು ಬಿಡುವುದು, ನಮ್ಮ ಮಕ್ಕಳಿಗೆ ನಾವೇ ಮಾಡುವ ಅನ್ಯಾಯ. ಕಷಾಯ ಕೊಡಲೇಬೇಕೆನಿಸಿದರೆ ಮೊದಲು ವೈದ್ಯರನ್ನು ಕೇಳಿ.