ನೌಕರಿ ಬಿಟ್ಟು ನಾಟಕ ಹಿಡಿದ ಕಿರ್ಲೋಸ್ಕರರು

ಸಂಬಳದ ನೌಕರಿಯನ್ನು ಬಿಟ್ಟು ಬಣ್ಣ ಹಚ್ಚಲು ಹೊರಟವನನ್ನು ನಮ್ಮ ಕಡೆಯ ಹಿರಿಯರು ಕೆಟ್ಟುಹೋದವನೆಂದೇ ಬಗೆಯುತ್ತಾರೆ. ಪ್ರಾಥಮಿಕ ಶಾಲೆಯ ಮಾಸ್ತರರಾದ ನಾವೂ ನಾಟಕದ ಗೀಳು ಹತ್ತಿದ ಹುಡುಗರಿಗೆ ಅದೇ ಬುದ್ಧಿಮಾತನ್ನು ಹೇಳುತ್ತ ಬಂದಿದ್ದೇವೆ. ಆದರೆ ಬಳವಂತ ಪಾಂಡುರಂಗ ಉರ್ಫ್ ಅಣ್ಣಾಸಾಹೇಬ ಕಿರ್ಲೋಸ್ಕರರ ಚರಿತ್ರೆಯನ್ನು ಅವಲೋಕಿಸಿದಾಗ ಆ ಬುದ್ಧಿಮಾತು ಅರ್ಧಸತ್ಯವೆಂದು ನಮಗೆ ತೋರಿತು.

ಅಣ್ಣಾಸಾಹೇಬರು ಜನಿಸಿದ್ದು 1843ರ ಮಾರ್ಚ್ 31ರಂದು, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಅದೇ ವರ್ಷ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿ ತೋರಿಸಿದರು. ಮರಾಠಿ ರಂಗಭೂಮಿಗೆ ನಾಂದಿಯಾದ ಆ ಆಟಕ್ಕೆ ಪ್ರೇರಣೆಯಾದದ್ದು ಕರ್ನಾಟಕದಿಂದ ಬಂದಿದ್ದ ಭಾಗವತರ ಮೇಳ. ಗಡಿಯ ಎರಡೂ ಮಗ್ಗುಲಿನವರು ಮರೆಯಬಾರದ ಸಂಗತಿಯಿದು.

ವಿದ್ಯಾಭ್ಯಾಸಕ್ಕೆಂದು ಕೊಲ್ಲಾಪುರ, ಪುಣೆಗಳಿಗೆ ಹೋದ ತರುಣನ ಚಿತ್ತ ಪುಸ್ತಕದಲ್ಲಿ ನಿಲ್ಲಲಿಲ್ಲ. ಊರೂರು ಅಲೆಯುವ ನಾಟಕ ಮಂಡಳಿಗಳಿಗೆ ಅವರು ಪದ್ಯ ಕಟ್ಟಿಕೊಟ್ಟರು. ಓದು ಅರ್ಧಕ್ಕೇ ನಿಂತಿತು. ತಾವೇ ಕಟ್ಟಿದ ಮಂಡಳಿಯೂ ಬಹುಕಾಲ ಬಾಳಲಿಲ್ಲ. ಆಗ ಅವರು ಬೆಳಗಾವಿಯಲ್ಲಿ ಶಾಲಾ ಮಾಸ್ತರಿಕೆ ಮಾಡಿದರು; ಮುಂದೆ ರೆವಿನ್ಯೂ ಕಮಿಶನರರ ಕಚೇರಿಯ ನೌಕರಿ ಹಿಡಿದರು. ಹಿರಿಯರ ಲೆಕ್ಕದಲ್ಲಿ, ದಾರಿ ತಪ್ಪಿದ ಹುಡುಗ ದಾರಿಗೆ ಬಂದಂತಾಯಿತು.

ಆದರೆ ಒಳಗಿನ ಕಿಡಿ ಆರಿರಲಿಲ್ಲ. ಪುಣೆಯಲ್ಲಿ ಪಾರ್ಸಿ ಕಂಪನಿಯ ‘ಇಂದ್ರಸಭಾ’ವನ್ನು ನೋಡಿದಾಗ, ಇಂಥ ಸಂಗೀತ ನಾಟಕ ನಮ್ಮ ಭಾಷೆಯಲ್ಲೇಕೆ ಆಗಬಾರದು ಎಂಬ ಪ್ರಶ್ನೆ ಅವರಲ್ಲಿ ಮೂಡಿತು. ಕಾಳಿದಾಸನ ಶಾಕುಂತಲವನ್ನೇ ಮರಾಠಿಗೆ ಇಳಿಸಿ, 1880ರ ಅಕ್ಟೋಬರ್ 31ರಂದು ಅದರ ಮೊದಲ ನಾಲ್ಕು ಅಂಕಗಳನ್ನು ಪುಣೆಯಲ್ಲಿ ಆಡಿಸಿದರು. ತಾವೇ ಸೂತ್ರಧಾರರಾಗಿ ರಂಗಕ್ಕೆ ಬಂದರು. ಆಗ ಅವರಿಗೆ 37 ವರ್ಷ. ಹಾಡುಗಳಿಗೆ ಶಾಸ್ತ್ರೀಯ ರಾಗಗಳ ಜೊತೆಗೆ, ಎಳವೆಯಲ್ಲಿ ಕಿವಿಗೆ ಬಿದ್ದಿದ್ದ ಕನ್ನಡದ ಮಟ್ಟುಗಳನ್ನೂ ಅಳವಡಿಸಿಕೊಂಡರು. ಕಿರ್ಲೋಸ್ಕರ ಮಂಡಳಿ ಬೆಳೆಯಿತು, ಕಚೇರಿಯ ಹಂಗು ಹರಿಯಿತು. 1882ರಲ್ಲಿ ‘ಸೌಭದ್ರ’ ರಂಗಕ್ಕೆ ಬಂದಿತು. ಬೆಳಗಾವಿಯಲ್ಲಿ ಮಾಸ್ತರರಾಗಿದ್ದ ಗೋವಿಂದ ಬಲ್ಲಾಳ ದೇವಲರೂ ಈ ಮಂಡಳಿಯ ಕಡೆಗೇ ಸೆಳೆಯಲ್ಪಟ್ಟರು.

ಇದರ ಬೆಲೆಯನ್ನೂ ಹೇಳಬೇಕು. ಅವರಿಗೆ ದೊರೆತದ್ದು ಬರಿಯ ಐದು ವರ್ಷ. ‘ರಾಮರಾಜ್ಯವಿಯೋಗ’ವು ಪೂರ್ಣವಾಗುವ ಮೊದಲೇ, 1885ರ ನವೆಂಬರ್ 2ರಂದು ಅವರು ತೀರಿಕೊಂಡರು. ಮಂಡಳಿ ಮಾತ್ರ ಬಾಳಿತು. 1905ರಲ್ಲಿ ಬಾಲಗಂಧರ್ವರು ಬಣ್ಣ ಹಚ್ಚಿದ್ದು ಅಲ್ಲಿಯೇ.

ಎಲ್ಲರೂ ನೌಕರಿ ಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮರಾಠಿ ನಾಟಕಗಳ ಅಬ್ಬರದಲ್ಲಿ ಕನ್ನಡ ಸೊರಗುವುದನ್ನು ಕಂಡು ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ ಶಾಂತಕವಿ ಸಕ್ಕರಿ ಬಾಳಾಚಾರ್ಯರೂ ಶಾಲಾ ಮಾಸ್ತರರೇ. ಅವರು ಪಾಠವನ್ನೂ ಹೇಳಿದರು, ನಾಟಕವನ್ನೂ ಬರೆದರು. ಒಬ್ಬರು ಬಿಟ್ಟು ಗೆದ್ದರು, ಒಬ್ಬರು ಬಿಡದೆ ಗೆದ್ದರು. ಕಿರ್ಲೋಸ್ಕರರು ಹುಮ್ಮಸ್ಸಿನಲ್ಲಿ ಹಾರಿದಾಗ ಸೋತರು. ದುಡಿದು, ಕಾದು, ಪಕ್ವವಾಗಿ ಮತ್ತೆ ಹೊರಟಾಗ ಒಂದು ರಂಗಭೂಮಿಯನ್ನೇ ಕಟ್ಟಿದರು.

ಮುಂದೆ ಯಾವನಾದರೂ ಹುಡುಗ ನಾಟಕಕ್ಕೆ ಹೋಗುತ್ತೇನೆಂದು ನಮ್ಮ ಬಳಿ ಬಂದರೆ, ಅವನನ್ನು ಕೆಟ್ಟನೆಂದು ಹಳಿಯಲಾರೆವು. ಎಷ್ಟು ಕಾಲ ಕಾಯಬಲ್ಲೆಯಪ್ಪಾ ಎಂದಷ್ಟೇ ಕೇಳುವೆವು.