ಕಾರ್ಡು ಮತ್ತು ಲಕೋಟೆ

೧೮೭೯ನೆಯ ಇಸವಿಯ ಜುಲೈ ತಿಂಗಳಲ್ಲಿ ಇಂಡಿಯಾ ದೇಶದ ಅಂಚೆ ಕಚೇರಿಗಳಲ್ಲಿ ಕಾಲಾಣೆಯ ಕಾರ್ಡು ಮಾರಾಟಕ್ಕೆ ಬಂದಿತು. ಅದಕ್ಕೆ ಹತ್ತು ವರ್ಷ ಮೊದಲು, ೧೮೬೯ರಲ್ಲಿ, ಆಸ್ಟ್ರಿಯ ದೇಶವು ಈ ಪದ್ಧತಿಯನ್ನು ಆರಂಭಿಸಿತ್ತು. ಕಾರ್ಡು ಅಗ್ಗ; ಆದುದರಿಂದ ಜನಕ್ಕೆ ಒಗ್ಗಿತು. ಅದರೊಡನೆ ಒಂದು ವಿವೇಕವೂ ಬೆಳೆಯಿತು. ಕಾರ್ಡಿನಲ್ಲಿ ಬರೆದುದನ್ನು ಅಂಚೆಯವನೂ ಓದಬಹುದು, ಎದುರುಮನೆಯವರೂ ಓದಬಹುದು. ಆದ್ದರಿಂದ ಕ್ಷೇಮಸಮಾಚಾರಕ್ಕೆ, ಊರಿಗೆ ಬರುವ ದಿನ ತಿಳಿಸುವುದಕ್ಕೆ ಕಾರ್ಡು. ಸಾಲದ ಮಾತು, ಹೆಣ್ಣು-ಗಂಡಿನ ಮಾತುಕತೆ, ಮನೆಯ ಮನಸ್ತಾಪ, ಇವಕ್ಕೆ ಅಂಟು ಹಾಕಿದ ಲಕೋಟೆ. ಈ ಭೇದವನ್ನು ನಮ್ಮ ಹಿರಿಯರಿಗೆ ಯಾವ ಶಾಲೆಯೂ ಕಲಿಸಲಿಲ್ಲ.

ಲಕೋಟೆ ನಿನ್ನೆ ಮೊನ್ನೆಯದಲ್ಲ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಮೆಸೊಪೊಟೇಮಿಯದ ವರ್ತಕರು ಮಣ್ಣಿನ ಹಲಗೆಯ ಮೇಲೆ ಓಲೆ ಬರೆದು, ಅದಕ್ಕೆ ಮಣ್ಣಿನದೇ ಹೊದಿಕೆ ಮಾಡಿ, ಮೇಲೆ ಮುದ್ರೆ ಒತ್ತಿ ಕಳುಹಿಸುತ್ತಿದ್ದರು. ಹೊದಿಕೆಯನ್ನು ಒಡೆಯದೆ ಒಳಗಿನದನ್ನು ಓದುವಂತಿರಲಿಲ್ಲ. ತನ್ನ ಮಾತು ತಾನು ಬಯಸಿದವನಿಗೆ ಮಾತ್ರ ಮುಟ್ಟಬೇಕೆಂಬ ಆಸೆ ಬರವಣಿಗೆಯಷ್ಟೇ ಹಳೆಯದೆನ್ನಬೇಕು.

ಆದರೆ ಈ ಆಸೆಗೆ ಹಕ್ಕು ಎಂಬ ಹೆಸರು ಬಂದುದು ತೀರ ತಡವಾಗಿ. ೧೮೮೮ರಲ್ಲಿ ಕೊಡಕ್ ಕ್ಯಾಮೆರಾ ಮಾರಾಟಕ್ಕೆ ಬಂದು, ಯಾರು ಬೇಕಾದರೂ ಯಾರ ಚಿತ್ರವನ್ನಾದರೂ ತೆಗೆಯುವ ಕಾಲ ಒದಗಿತು. ಪತ್ರಿಕೆಗಳು ಮನೆಮಾತನ್ನು ಬೀದಿಗೆಳೆಯುತ್ತಿದ್ದವು. ಇದನ್ನು ಕಂಡು ೧೮೯೦ರಲ್ಲಿ ಅಮೆರಿಕದ ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ನ್ಯಾಯವಾದಿಗಳು, ಮನುಷ್ಯನನ್ನು ಅವನ ಪಾಡಿಗೆ ಬಿಡುವುದೂ ಕಾನೂನಿನ ಕರ್ತವ್ಯವೆಂದು ಲೇಖನ ಬರೆದರು. ಹೊಸ ಯಂತ್ರ ಬಂದಾಗಲೆಲ್ಲ ಹಳೆಯ ಬೇಲಿಯನ್ನು ಎತ್ತರಿಸಬೇಕಾಗುತ್ತದೆ ಎಂಬುದೇ ಅವರ ವಾದದ ಸಾರ.

ನಮ್ಮ ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಎಂಬ ಮಾತು ನೇರವಾಗಿ ಇಲ್ಲ. ೧೯೫೪ರಲ್ಲಿ ಎಂಟು ನ್ಯಾಯಾಧೀಶರ ಪೀಠವೂ, ೧೯೬೨ರಲ್ಲಿ ಆರು ನ್ಯಾಯಾಧೀಶರ ಪೀಠವೂ ಅಂತಹ ಮೂಲಭೂತ ಹಕ್ಕನ್ನು ಒಪ್ಪಲಿಲ್ಲ. ಎರಡನೆಯ ಮೊಕದ್ದಮೆಯಲ್ಲಿ ಪೊಲೀಸರು ರಾತ್ರಿವೇಳೆ ಮನೆಗೆ ನುಗ್ಗುವುದನ್ನು ನ್ಯಾಯಾಲಯ ತಡೆಯಿತಾದರೂ, ಹಕ್ಕನ್ನು ಎತ್ತಿಹಿಡಿದ ನ್ಯಾಯಮೂರ್ತಿ ಸುಬ್ಬರಾವ್ ಅವರ ಮತ ಅಲ್ಪಮತವಾಗಿಯೇ ಉಳಿಯಿತು. ಅರ್ಧ ಶತಮಾನ ಕಳೆದ ಮೇಲೆ, ೨೦೧೨ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆಗ ಅವರ ವಯಸ್ಸು ಎಂಬತ್ತಾರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಉಳಿದಿದೆ.

ಆದರೆ ಹಕ್ಕು ಇದ್ದ ಮಾತ್ರಕ್ಕೆ ಗುಟ್ಟು ಉಳಿಯುತ್ತದೆಯೆ? ೨೦೧೮ರ ಮಾರ್ಚಿಯಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣ ಬಯಲಾಯಿತು. ಫೇಸ್‌ಬುಕ್ಕಿನಲ್ಲಿ ಸ್ವಭಾವಪರೀಕ್ಷೆಯ ಪ್ರಶ್ನೆಗಳಿದ್ದ ಒಂದು ಆ್ಯಪ್, ಉತ್ತರಿಸಿದವರ ವಿವರಗಳ ಜೊತೆಗೆ ಅವರ ಸ್ನೇಹಿತರ ವಿವರಗಳನ್ನೂ ಬಾಚಿಕೊಂಡಿತ್ತು. ಫೇಸ್‌ಬುಕ್ ಸಂಸ್ಥೆಯೇ ಕೊಟ್ಟ ಅಂದಾಜಿನಂತೆ, ನಮ್ಮ ದೇಶದಲ್ಲಿ ಆ ಆ್ಯಪನ್ನು ಹಾಕಿಕೊಂಡವರು ಕೇವಲ ೩೩೫ ಮಂದಿ; ವಿವರ ಸೋರಿರಬಹುದಾದವರು ಸುಮಾರು ೫,೬೨,೦೦೦ ಮಂದಿ. ಒಬ್ಬ ತನ್ನ ಮನೆಯ ಬಾಗಿಲು ತೆರೆದರೆ ಊರಿನ ಬಾಗಿಲೆಲ್ಲ ತೆರೆದುಕೊಂಡಂತಾಯಿತು. ಅಂಚೆಯ ಕಾಲದಲ್ಲಿ ಇಂತಹ ಅಪಾಯವಿರಲಿಲ್ಲ. ನಿಮ್ಮ ಕಾರ್ಡು ನಿಮ್ಮ ಮಾತನ್ನಷ್ಟೇ ಹೊರಗೆಡಹುತ್ತಿತ್ತು.

ಸಂಸತ್ತು ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯನ್ನು ಮಾಡಿತು. ಒಪ್ಪಿಗೆ ಪಡೆಯುವುದು, ತಪ್ಪನ್ನು ತಿದ್ದುವುದು, ಬೇಡವೆಂದರೆ ಅಳಿಸುವುದು, ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿ, ಇವೆಲ್ಲ ಅದರಲ್ಲಿವೆ. ಆದರೆ ಕಾನೂನು ಬರುವುದು ಕಳವಾದ ಮೇಲೆ. ಅಗುಳಿ ಹಾಕುವ ಕೈ ಮನೆಯವರದು.

ಆ ಅಗುಳಿ ಹಳೆಯದೇ. ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದು ಕಾರ್ಡು. ವಾಟ್ಸಾಪಿನ ಸಂದೇಶ ೨೦೧೬ರಿಂದ ಬೀಗಹಾಕಿದ ಲಕೋಟೆಯಂತಿದೆ. ಆದರೂ ಲಕೋಟೆಯ ಮೇಲಿನ ವಿಳಾಸ ಅಂಚೆಯವನಿಗೆ ಕಾಣುವಂತೆ, ಯಾರು ಯಾರಿಗೆ ಯಾವಾಗ ಬರೆದರೆಂಬುದು ಸಂಸ್ಥೆಗೆ ಗೊತ್ತಾಗಬಲ್ಲದು. ಅಲ್ಲದೆ, ಪಡೆದವರು ಅದನ್ನು ಇನ್ನೊಬ್ಬರಿಗೆ ತೋರಿಸಬಹುದು. ಹುಟ್ಟಿದ ದಿನ, ಮಕ್ಕಳ ಶಾಲೆ, ಮನೆಗೆ ಬೀಗ ಹಾಕಿ ಯಾತ್ರೆ ಹೊರಟ ಸುದ್ದಿ, ಇವು ಕಾರ್ಡಿನಲ್ಲಿ ಬರೆಯುವ ಮಾತುಗಳಲ್ಲ. ಬ್ಯಾಂಕಿನಿಂದ ಬಂದ ಗುಪ್ತಸಂಖ್ಯೆಯನ್ನಂತೂ ಲಕೋಟೆಯಲ್ಲಿಟ್ಟೂ ಕಳುಹಿಸಬಾರದು. ವಿನೋದದ ಪ್ರಶ್ನೆಗಳಿಗೆ ಉತ್ತರಿಸುವ ಮುನ್ನ, ಫೋನಿನಲ್ಲಿರುವ ಹೆಸರುಗಳನ್ನು ನೋಡಲು ಒಂದು ಆ್ಯಪ್ ಅಪ್ಪಣೆ ಕೇಳಿದಾಗ, ನಾವು ಕೊಡಹೊರಟಿರುವುದು ನಮ್ಮ ಗುಟ್ಟನ್ನಷ್ಟೇ ಅಲ್ಲ, ನಮ್ಮನ್ನು ನಂಬಿದವರದನ್ನೂ ಎಂಬುದು ನೆನಪಿರಬೇಕು. ಹಾಗೆ ಕೊಡಲು ನಮಗೆ ಅಧಿಕಾರವಿಲ್ಲ.